ಬೀರು ಇದ್ದ ಕಡೆ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಅದು ಕೆಲಸದಿಂದ ಬಂದ ಹೆಸರೋ ನಾಲಿಗೆಯಿಂದ ಬಂದ ಹೆಸರೋ ಹೇಳುವುದು ಕಷ್ಟ. ಕೆಲಸವಂತೂ ಹೊಲಿಗೆ. ನಾಲಿಗೆಯ ವಿಷಯ ತಿಳಿಯಬೇಕಾದರೆ, ಅಳತೆ ಕೊಟ್ಟು ಹೋದಮೇಲೆ ದಪ್ಪಗಾಗಿ ಬಂದು, "ನೀನೇ ಬಿಗಿಯಾಗಿ ಹೊಲಿದಿದ್ದೀಯ" ಎಂದು ಜಗಳಕ್ಕೆ ನಿಂತವರನ್ನು ಕೇಳಬೇಕು.

ಮನೆ ಎಂದರೆ ಎರಡು ಕೋಣೆ, ಅಡುಗೆಗೊಂದು ಮೂಲೆ, ಮೇಲೆ ಬಟ್ಟೆ ಒಣಹಾಕಲು ತಾರಸಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ಬೇರೆಯವರ ಬಟ್ಟೆಗಳ ರಾಶಿ. ಒಳಕೋಣೆಯಲ್ಲಿ ಅತ್ತೆಯ ಮಂಚ, ಮತ್ತು ಆ ಅತ್ತೆ ತವರಿನಿಂದ ತಂದಿದ್ದ ಭಾರೀ ಮರದ ಬೀರು. ಗಂಡ ಲಾರಿ ಓಡಿಸುವವನು. ಬಂದ ದಿನ ನೆಂಟ, ಹೋದ ದಿನ ನೆನಪು. ಮಗಳು ಮದುವೆಯಾಗಿ ಹೋದಮೇಲೆ ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಎಷ್ಟೋ ವರ್ಷವಾಗಿತ್ತು. ಕಾಲು ಹೋಗಿತ್ತು, ಬಾಯಿ ಹೋಗಿರಲಿಲ್ಲ. ಮಂಚದಲ್ಲಿ ಕೂತಲ್ಲಿಂದಲೇ ಅಡುಗೆಮೂಲೆಯ ಉಪ್ಪು ಖಾರದ ಲೆಕ್ಕ ಕೇಳುತ್ತಿದ್ದರು. ಸೊಸೆ ಯಂತ್ರದ ಚಕ್ರ ತಿರುಗಿಸುತ್ತಲೇ ಒಂದಕ್ಕೆರಡು ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಅದಿಲ್ಲದೆ ಹೊತ್ತು ಹೋಗುತ್ತಿರಲಿಲ್ಲ.

ಇಂಥ ಸೂಜಿಯಕ್ಕನ ಬಾಯಿ ಕಟ್ಟಿಹಾಕಿದ್ದು ಒಂದು ಪ್ರಶ್ನೆ.

ಶುಕ್ರವಾರ ಸಂಜೆಯ ಹೊತ್ತಿಗೆ ಮಸೀದಿಯ ಪಕ್ಕದ ಕೋಣೆಯಲ್ಲಿ ಹೆಂಗಸರೆಲ್ಲ ಸೇರುತ್ತಿದ್ದರು. ಅಲ್ಲಿ ನಾಲ್ಕು ಒಳ್ಳೆಯ ಮಾತು ಹೇಳುವವಳು ಓದಿಸುವಮ್ಮ. ಹುಡುಗಿಯರಿಗೆ ಕುರ್‌ಆನ್ ಓದಿಸುವುದರಿಂದ ಬಂದ ಹೆಸರು. ಚಿಕ್ಕಂದಿನಲ್ಲಿ ಇವಳೂ ಸೂಜಿಯಕ್ಕನೂ ಒಂದೇ ಚಾಪೆಯ ಮೇಲೆ ಕೂತು ಕುರ್‌ಆನ್ ಬಾಯಿಪಾಠ ಮಾಡಿದವರು. ನಿಜ ಹೇಳಬೇಕೆಂದರೆ ಆಗ ಮುಂದಿದ್ದವಳು ಸೂಜಿಯಕ್ಕನೇ. ಆದರೆ ಅರ್ಧ ಬಾಯಿಗೆ ಬರುವಷ್ಟರಲ್ಲಿ ಮದುವೆಯಾಯಿತು. ಬಾಣಂತನ ಮುಗಿದ ಮೇಲೆ ಮುಂದುವರಿಸೋಣ ಎಂದುಕೊಂಡಳು, ಮಗಳು ಶಾಲೆಗೆ ಹೋಗಲಿ ಎಂದುಕೊಂಡಳು, ಆಮೇಲೆ ಅತ್ತೆ ಬಿದ್ದರು. ಹಿಂದಿದ್ದವಳು ಪೂರ್ತಿ ಮಾಡಿ ಓದಿಸುವಮ್ಮನಾದಳು. ಮುಂದಿದ್ದವಳು ಗುಂಡಿ ಹೊಲಿಯುತ್ತಾ ಉಳಿದಳು.

ಒಂದು ಶುಕ್ರವಾರ ಓದಿಸುವಮ್ಮ ಹೇಳಿದಳು: "ಆ ಕಡೇ ದಿನ ಅಲ್ಲಾಹನ ಮುಂದೆ ನಿಂತಾಗ, ನಿನ್ನ ಆಯಸ್ಸನ್ನ ಯಾತರಲ್ಲಿ ಕಳೆದೆ ಅಂತ ಕೇಳ್ತಾರೆ. ಉತ್ತರ ಹೇಳೋವರೆಗೂ ನಿಂತ ಜಾಗದಿಂದ ಕಾಲು ಕೀಳೋಕಾಗಲ್ಲ. ನಾವು ಯಾಕೆ ಹುಟ್ಟಿದ್ದೀವಿ, ಏನು ಮಾಡ್ತಾ ಇದ್ದೀವಿ? ಮನೆಗೆ ಹೋಗಿ ಯೋಚನೆ ಮಾಡಿ."

ಉಳಿದ ಹೆಂಗಸರು ಮನೆಗೆ ಹೋಗಿ ಅಡುಗೆ ಮಾಡಿದರು. ಸೂಜಿಯಕ್ಕ ಯೋಚನೆ ಮಾಡಿದಳು. ಅದೇ ಅವಳು ಮಾಡಿದ ತಪ್ಪು.

"ಅತ್ತೆ, ನನ್ನನ್ನ ಕೇಳಿದ್ರೆ ಏನಂತ ಹೇಳಲಿ?" ಎಂದಳು, ಅತ್ತೆಯ ಬೆನ್ನಿಗೆ ದಿಂಬು ಕೊಡುತ್ತಾ. "ಗುಂಡಿ ಹೊಲಿದೆ, ಗುಂಡಿ ಬಿಚ್ಚಿದೆ, ಮತ್ತೆ ಹೊಲಿದೆ ಅಂತಲಾ?"

"ಅಷ್ಟೊಂದು ಜನರ ಮಾನ ಮುಚ್ಚಿದೆ ಅಂತ ಹೇಳು."

"ತಮಾಷೆ ಬೇಡ ಅತ್ತೆ."

"ಸರಿ, ಒಂದು ಹೊತ್ತಿನ ನಮಾಜೂ ಬಿಟ್ಟಿಲ್ಲ ಅಂತ ಹೇಳು. ಅದೇನು ಸಣ್ಣ ಮಾತಾ?"

ಅದು ಸಣ್ಣ ಮಾತಲ್ಲ ಎಂದು ಸೂಜಿಯಕ್ಕನಿಗೂ ಅನ್ನಿಸಿತು. ಕುರ್‌ಆನ್ ಪೂರ್ತಿ ಮಾಡಲಾಗಲಿಲ್ಲ, ಊರಿಗೆ ಉಪಕಾರವಾಗುವ ಕೆಲಸ ಮಾಡಲಾಗಲಿಲ್ಲ. ಆದರೆ ಐದು ಹೊತ್ತಿನ ನಮಾಜನ್ನು ಹಬೆಯಾಡುವ ಪಾತ್ರೆ ಇಳಿಸಿಟ್ಟು, ಅರ್ಧ ಹೊಲಿಗೆಯಲ್ಲಿ ಸೂಜಿ ಚುಚ್ಚಿಟ್ಟು ಎದ್ದುಹೋಗಿ ಮಾಡಿದ್ದಳು. ತನ್ನ ಬದುಕಿನಲ್ಲಿ ತೋರಿಸಿಕೊಳ್ಳಲು ಇರುವುದು ಅದೊಂದೇ ಎಂದು ಗಟ್ಟಿಮಾಡಿಕೊಂಡಳು. ಆ ವಾರ ನೆಮ್ಮದಿಯಾಗಿ ನಿದ್ದೆ ಬಂತು.

ಮುಂದಿನ ವಾರ ಒಬ್ಬಳು ನರ್ಸಮ್ಮ ಹೊಲಿಯಲು ಕೊಟ್ಟಿದ್ದ ಬಟ್ಟೆ ಒಯ್ಯಲು ಬಂದಳು. ತೋಳಿಗೆ ಅಂಚು ಹಾಕುವುದು ಇನ್ನೂ ಬಾಕಿಯಿತ್ತು. ಅಷ್ಟರಲ್ಲಿ ಸಂಜೆಯ ನಮಾಜಿನ ಹೊತ್ತು ಮೀರುತ್ತಿತ್ತು.

"ಅಕ್ಕಾ, ಅಂಚು ಹಾಕೋಷ್ಟರಲ್ಲಿ ನಾನು ಇಲ್ಲೇ ನಮಾಜು ಮುಗಿಸ್ಲಾ?" ಎಂದಳು.

"ಅದಕ್ಕೇನಮ್ಮ, ಒಳಗೆ ಚಾಪೆ ಇದೆ."

ಸ್ವಲ್ಪ ಹೊತ್ತಾದಮೇಲೆ ಒಳಗೆ ಇಣುಕಿದ ಸೂಜಿಯಕ್ಕ, ನರ್ಸಮ್ಮ ಚಾಪೆಯನ್ನು ಕಿಟಕಿಯ ಕಡೆಗೆ ತಿರುಗಿಸಿ ಹಾಸುತ್ತಿರುವುದನ್ನು ಕಂಡು ನಕ್ಕಳು. "ಅಯ್ಯೋ, ಹಾಗಲ್ಲಮ್ಮ, ಹೀಗೆ," ಎಂದು ಚಾಪೆಯನ್ನು ಎಳೆದು ಬೀರುವಿನ ಕಡೆಗೆ ತಿರುಗಿಸಿದಳು. ನಮಾಜಿಗೆ ನಿಲ್ಲುವವರು ಪವಿತ್ರ ಕಾಬಾ ಇರುವ ದಿಕ್ಕಿಗೆ, ಅಂದರೆ ಕಿಬ್ಲಾದ ಕಡೆಗೆ, ಮುಖ ಮಾಡಬೇಕು. ಹೊಸ ಮನೆಯಲ್ಲಿ ಯಾರಿಗಾದರೂ ದಿಕ್ಕು ತಪ್ಪುವುದು ಸಹಜ.

ನರ್ಸಮ್ಮ ಚಾಪೆಯ ಮೇಲೆ ಕಾಲಿಡಲಿಲ್ಲ. "ಅಕ್ಕಾ, ನಾನು ದಿನಾ ಒಂದೊಂದು ವಾರ್ಡಲ್ಲಿ ನಮಾಜು ಮಾಡೋಳು. ಎಲ್ಲಿಗೆ ಹೋದ್ರೂ ಮೊದಲು ಕಿಬ್ಲಾ ಯಾವ ಕಡೆ ಅಂತ ನೋಡ್ಕೊಳ್ತೀನಿ. ಬರೋವಾಗ ಮಸೀದಿ ದಾಟೇ ಬಂದೆ. ಕಿಬ್ಲಾ ಕಿಟಕಿ ಕಡೆ ಬರುತ್ತೆ."

"ಕಾಬಾದ ದಿಕ್ಕು ಮನೆಮನೆಗೂ ಬದಲಾಗುತ್ತಾ? ನಮ್ಮ ಅತ್ತೆ ತೋರಿಸಿದ್ದು ಇದೇ."

ಮಾತಿಗೆ ಮಾತು ಬೆಳೆಯಲಿಲ್ಲ. ನರ್ಸಮ್ಮ ಮೆಲ್ಲಗೆ ಅವಳ ಕೈ ಹಿಡಿದು ತಾರಸಿಗೆ ಕರೆದುಕೊಂಡು ಹೋದಳು. ಸೂಜಿಯಕ್ಕ ದಿನವೂ ಬಟ್ಟೆ ಒಣಹಾಕುವ ತಾರಸಿ ಅದು. ಮಸೀದಿಯ ಮಿನಾರು ದಿನವೂ ಕಾಣುತ್ತಿತ್ತು. ಆದರೆ ಮಸೀದಿಯ ಗೋಡೆಯೊಂದರಿಂದ ಹೊರಗೆ ಉಬ್ಬಿಕೊಂಡ ಅರ್ಧವೃತ್ತದ ಭಾಗವನ್ನು ಅವಳು ನೋಡಿಯೂ ನೋಡಿರಲಿಲ್ಲ. ಒಳಗೆ ಇಮಾಮರು ಎಲ್ಲರಿಗಿಂತ ಮುಂದೆ ನಿಲ್ಲುವ ಗೂಡು ಅದು. ಕಾಬಾ ಇರುವ ದಿಕ್ಕಿಗೇ ಅದನ್ನು ಕಟ್ಟುವುದು. ಗೂಡು ಉಬ್ಬಿದ್ದ ದಿಕ್ಕಿಗೇ ನರ್ಸಮ್ಮ ಬೆರಳು ಚಾಚಿದಳು. ಕೆಳಗೆ ಕಿಟಕಿಯಿದ್ದ ಗೋಡೆಯೂ ಅದೇ ದಿಕ್ಕಿಗಿತ್ತು. ಬೀರು ಇದ್ದದ್ದು ಅದರ ಪಕ್ಕದ ಗೋಡೆಗೆ. ಬೀದಿಗಳು ಅಂಕುಡೊಂಕಾಗಿ ಸುತ್ತಿಕೊಂಡಿದ್ದ ಆ ಜಾಗದಲ್ಲಿ, ಅಲ್ಲಿನ ಗೋಡೆಗೂ ಇಲ್ಲಿನ ಗೋಡೆಗೂ ತಾಳೆ ಹಾಕಿ ನೋಡುವುದು ಯಾರಿಗೂ ಹೊಳೆದಿರಲಿಲ್ಲ. ಒಂದಿಷ್ಟು ಅತ್ತಿತ್ತ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಇದು ಇಡೀ ಒಂದು ಗೋಡೆಯ ವ್ಯತ್ಯಾಸ.

ಸೂಜಿಯಕ್ಕ ಮೆಟ್ಟಿಲಿಳಿದು ಬಂದು ಬೀರುವನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದಳು.

"ಬೇಜಾರು ಮಾಡ್ಕೋಬೇಡಿ ಅಕ್ಕಾ," ಎಂದು ನರ್ಸಮ್ಮ ಕಿಟಕಿಯ ಕಡೆಗೆ ನಿಂತು ನಮಾಜು ಮುಗಿಸಿ, ಅಂಚು ಹಾಕದ ಬಟ್ಟೆಯನ್ನೇ ಮಡಚಿಕೊಂಡು ಹೋದಳು. ಏನಾಯಿತೆಂದು ಅತ್ತೆ ಕೇಳಿದರು. ಅಷ್ಟರಲ್ಲಿ ಗಂಡನ ಫೋನು ಬಂತು. ಲಾರಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವನ ದನಿ ದೊಡ್ಡದು. ಫೋನಿನಿಂದ ಕೋಣೆಗೆಲ್ಲ ಕೇಳುತ್ತಿತ್ತು.

"ರೀ, ನಮ್ಮನೇಲಿ ಕಿಬ್ಲಾ ಯಾವ ಕಡೆ?"

"ಬೀರು ಇರೋ ಕಡೆ," ಎಂದ ಅವನು ಥಟ್ಟನೆ. ಆಮೇಲೆ ಸ್ವಲ್ಪ ತಡೆದು, "ತಾಳು ತಾಳು... ಬೀರು ಕಿಬ್ಲಾದ ಗೋಡೆಗೆ ಇದ್ದದ್ದು ಹಳೇ ಮನೇಲಿ. ನಮ್ಮ ಮದುವೆಗೂ ಮುಂಚೆ ಈ ಮನೆಗೆ ಬಂದಾಗ ಆ ಗೋಡೇಲಿ ಕಿಟಕಿ ಇತ್ತು. ಗಾಳಿ ಬೆಳಕು ಹೋಗುತ್ತೆ ಅಂತ ನಾವೇ ಬೀರೂನ ಪಕ್ಕದ ಗೋಡೆಗೆ ನೂಕಿದ್ವಿ. ಅಮ್ಮ ಬೀರು ಹಿಂದೇನೇ ತಿರುಗಿಬಿಟ್ಳು ಅಂತ ಕಾಣುತ್ತೆ."

"ನೀವು ಮನೇಲಿ ನಮಾಜು ಮಾಡಿಲ್ವಾ? ನಿಮಗೂ ಗೊತ್ತಾಗ್ಲಿಲ್ವಾ?"

"ನಾನು ಮನೇಲಿದ್ದಾಗ ಮಸೀದಿಗೆ ಹೋಗೋನು. ಯಾವತ್ತೋ ಒಂದಿನ ಮನೇಲಿ ಮಾಡಿದ್ರೆ ನೀನು ಹಾಸಿದ ಚಾಪೆ ಮೇಲೆ ನಿಂತಿರ್ತೀನಿ. ಹಾಸಿದ ಚಾಪೇನ ಯಾರಾದ್ರೂ ಪ್ರಶ್ನೆ ಮಾಡ್ತಾರೇನೇ?"

ಅವನು ನಗಲು ಶುರುಮಾಡಿದ. ಹೆಂಡತಿ ನಗುತ್ತಿಲ್ಲ ಎಂದು ತಿಳಿದು, ಆಮೇಲೆ ಮಾತಾಡುತ್ತೇನೆ ಎಂದ.

ಫೋನಿಟ್ಟು ತಿರುಗಿದರೆ ಅತ್ತೆ ಬೀರುವನ್ನೇ ನೋಡುತ್ತಾ ಕೂತಿದ್ದರು. ಆ ಹೊತ್ತಿನಲ್ಲಿ ಸೂಜಿಯಕ್ಕ ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಅವಳಿಗೆ ಆ ಹೆಸರು ಬರುತ್ತಿರಲಿಲ್ಲ.

"ಮದುವೆಯಾಗಿ ಬಂದ ದಿನ ಸಂಜೆ ನಾನು ನಿಮ್ಮನ್ನ ಕೇಳ್ದೆ, ಅತ್ತೆ. 'ಯಾವ ಕಡೆ?' ಅಂತ ಬಾಯಿಬಿಟ್ಟು ಕೇಳ್ದೆ. ನೀವು ಕೈತೋರಿಸಿದ್ರಿ. ನಾನು ಕಣ್ಮುಚ್ಚಿಕೊಂಡು ನಂಬಿದೆ. ಇದ್ದದ್ದೊಂದು ನಮಾಜು. ಅದನ್ನೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಮಾಡಿಬಿಟ್ರಲ್ಲ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದಕ್ಕೆರಡು ಜವಾಬು ಬರುತ್ತದೆಂದು ಅವಳು ಕಾದಳು.  ಆದರೆ ಅತ್ತೆ, "ಬೀರೂಗೆ ನಮಾಜು ಮಾಡಿದ್ನೇನೇ ನಾನು?" ಎಂದಷ್ಟೇ ಕೇಳಿ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು. ರಾತ್ರಿ ಊಟ ಮುಟ್ಟಲಿಲ್ಲ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಸಲು ಸೊಸೆ ನೀರು ತಂದಾಗ, ತಲೆ ಎತ್ತದೆ ಕೈ ಮಾತ್ರ ಒಡ್ಡಿದರು.

ಸೂಜಿಯಕ್ಕ ಚಾಪೆಯನ್ನು ಕಿಟಕಿಯ ಕಡೆಗೆ ಹಾಸಿ, ತಪ್ಪಿಹೋದ ನಮಾಜುಗಳನ್ನೆಲ್ಲ ಮರಳಿ ಮಾಡಲು ನಿಂತಳು. ತಪ್ಪಿದ್ದನ್ನು ಮಾಡಿ ತೀರಿಸಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಎಲ್ಲಿಂದ ಶುರುಮಾಡುವುದು? ಮದುವೆಯ ದಿನದಿಂದಲೇ? ಇನ್ನೊಂದು ಆಯಸ್ಸು ಬೇಕು. ಬೆಳಗಾಗುವಷ್ಟರಲ್ಲಿ ಮೊಣಕಾಲು ಊದಿತ್ತು, ಹೊಲಿಗೆ ನಿಂತಿತ್ತು, ಮನಸ್ಸು ಒಂದಿಷ್ಟೂ ಹಗುರವಾಗಿರಲಿಲ್ಲ. ಅತ್ತೆ ಬೆಳಗಿನ ಚಹಾವನ್ನೂ ಬೇಡವೆಂದರು. ಪಕ್ಕದ ಮನೆಯವಳಿಗೆ ನೋಡಿಕೊಳ್ಳಲು ಹೇಳಿ, ಸೂಜಿಯಕ್ಕ ಓದಿಸುವಮ್ಮನ ಬಳಿಗೆ ಹೊರಟಳು. ಅವಳ ಮುಂದೆ ಹೋಗಿ ನಿಲ್ಲುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. ಒಂದು ಕಾಲದಲ್ಲಿ ಅವಳ ತಪ್ಪು ತಿದ್ದುತ್ತಿದ್ದವಳು ತಾನು.

ಓದಿಸುವಮ್ಮ ಮಸೀದಿಯ ಪಕ್ಕದ ಕೋಣೆ ಗುಡಿಸುತ್ತಿದ್ದಳು. ಪೂರ್ತಿ ಕೇಳಿದಳು. ಬೀರುವಿನ ಮಾತು ಬಂದಾಗ ಪೊರಕೆ ಹಿಡಿದೇ ನಗಲು ಶುರುಮಾಡಿ, ಗೆಳತಿಯ ಮುಖ ನೋಡಿ ತುಟಿ ಕಚ್ಚಿಕೊಂಡಳು.

"ನಗಬೇಡ ಕಣೇ. ನಿನ್ನ ಪ್ರಶ್ನೆಯಿಂದಲೇ ಇಷ್ಟೆಲ್ಲ. ಆಯಸ್ಸನ್ನ ಯಾತರಲ್ಲಿ ಕಳೆದೆ ಅಂದ್ರೆ ಈಗ ಏನು ಹೇಳಲಿ? ಗೋಡೆ ತಪ್ಪಿ ನಿಂತು ಕಳೆದೆ ಅಂತಲಾ?"

"ತಾಳೇ. ಇಂಥದ್ದಕ್ಕೆ ತೀರ್ಪು ಹೇಳೋಕೆ ನಾನು ಯಾರು? ಕೇಳೋಣ," ಎಂದು ಓದಿಸುವಮ್ಮ ಮಸೀದಿಯ ಕಡೆಗಿದ್ದ ಪರದೆಯ ಹತ್ತಿರ ಹೋಗಿ ಇಮಾಮರನ್ನು ಕರೆದಳು. ಆಚೆಯಿಂದ ಕೆಮ್ಮು ಕೇಳಿಸಿತು. ಓದಿಸುವಮ್ಮ, ತನ್ನ ಜೊತೆ ಅರ್ಧ ಕುರ್‌ಆನ್ ಬಾಯಿಪಾಠ ಮಾಡಿದ ಗೆಳತಿ ಬಂದಿದ್ದಾಳೆಂದು ಶುರುಮಾಡಿ, ವಿಷಯವನ್ನೆಲ್ಲ ಹೇಳಿದಳು. ಬೀರುವಿನ ಹತ್ತಿರ ಬಂದಾಗ ಆಚೆಯ ಕೆಮ್ಮು ಕೊಂಚ ಹೆಚ್ಚಾಯಿತು.   ಈ ಪರದೆಯ ಆಚೆಯಿಂದ ಬರುವ ಮಾತಿನ ಮೇಲೆ ತನ್ನ ಬದುಕು ಸಾರ್ಥಕವೋ ದಂಡವೋ ಎಂಬುದು ನಿಂತಿದೆ ಎಂದು ಸೂಜಿಯಕ್ಕನಿಗೆ ಅನ್ನಿಸಿತು.

"ಆ ತಾಯಿ ಮೊದಲ ದಿನ ಯಾರನ್ನಾದ್ರೂ ಕೇಳಿದ್ರಾ, ಇಲ್ಲಾ ತಾವೇ ಅಂದಾಜಿಗೆ ನಿಂತ್ರಾ?" ಇಮಾಮರು ಕೇಳಿದರು.

"ಕೇಳ್ದೆ. ನಮ್ಮ ಅತ್ತೇನ ಕೇಳ್ದೆ," ಸೂಜಿಯಕ್ಕ ತಾನೇ ಹೇಳಿದಳು.

"ನಿಮ್ಮ ಅತ್ತೆ ಎಂಥವರು? ನಂಬಬಹುದಾದವರಾ? ನಮಾಜಿನ ವಿಷಯದಲ್ಲಿ ಸಡಿಲ ಇದ್ದವರಾ?"

 ಸೊಂಟ ಮುರಿದ ದಿನ ನೋವಿಗೆ ಹಲ್ಲು ಕಚ್ಚಿಕೊಂಡು, 'ಹೊತ್ತಾಯ್ತೇನೇ? ನೀರು ಕೊಡೇ' ಎಂದ ಅತ್ತೆ ಸೂಜಿಯಕ್ಕನ ಕಣ್ಣಮುಂದೆ ಬಂದರು. ಪಕ್ಕದ ಮನೆಯ ಪಾತ್ರೆಯೊಂದು ತಪ್ಪಿ ತಮ್ಮ ಮನೆಗೆ ಬಂದದ್ದು ತಿಳಿದಾಗ, ಕತ್ತಲಾದರೂ ಪರವಾಗಿಲ್ಲ ಈಗಲೇ ಕೊಟ್ಟು ಬಾ ಎಂದು ಓಡಿಸಿದ ಅತ್ತೆ.

"ಇಲ್ಲ," ಎಂದಳು. "ನಾನು ಬಂದಾಗಿನಿಂದ ಅವರು ಒಂದು ಹೊತ್ತು ನಮಾಜು ಬಿಟ್ಟದ್ದು ನೋಡಿಲ್ಲ. ಬಾಯಿ ಜೋರು. ಆದ್ರೆ ಒಂದು ಸುಳ್ಳು ಹೇಳಿದ್ದು ನೋಡಿಲ್ಲ. ಅವರ ಮಾತನ್ನ ಯಾರು ಬೇಕಾದ್ರೂ ನಂಬಬಹುದು."

"ಹಾಗಿದ್ರೆ ಮುಗೀತಲ್ಲಮ್ಮ. ಗೊತ್ತಿಲ್ಲದವರು ಕೇಳಬೇಕು, ನೀವು ಕೇಳಿದ್ರಿ. ನಂಬುವಂಥವರು ಹೇಳಿದ್ರು, ನೀವು ನಂಬಿದ್ರಿ. ಮಾಡಿದ ನಮಾಜು ಆಯ್ತು. ಮರಳಿ ಮಾಡಬೇಕಾಗಿಲ್ಲ. ಇನ್ಮುಂದೆ ಸರಿಯಾದ ಕಡೆಗೆ ನಿಂತರೆ ಸಾಕು."

"ನಮ್ಮ ಅತ್ತೆದು?"

"ಅವರಿಗೂ ಅಷ್ಟೇ. ಅವರು ಮನಸ್ಸು ಮಾಡಿ ನಿಂತದ್ದು ಕಾಬಾದ ಕಡೆಗೆ, ಮರದ ಬೀರುವಿನ ಕಡೆಗಲ್ಲ. ಮರೆತು ಆದ ತಪ್ಪನ್ನ ಅಲ್ಲಾಹ್ ಹಿಡಿಯಲ್ಲಮ್ಮ. ಮೊದಲನೇ ಮುಸಲ್ಮಾನರು ಎಷ್ಟೋ ಕಾಲ ಬೇರೆ ಕಿಬ್ಲಾದ ಕಡೆ ನಮಾಜು ಮಾಡಿದ್ರು. ದಿಕ್ಕು ಬದಲಾದಾಗ ಅವರಿಗೂ ಇದೇ ಚಿಂತೆ ಹತ್ತಿತು. ನಿಮ್ಮ ವಿಶ್ವಾಸವನ್ನ ಅಲ್ಲಾಹ್ ವ್ಯರ್ಥ ಮಾಡೋನಲ್ಲ ಅಂತ ಕುರ್‌ಆನಲ್ಲೇ ಉತ್ತರ ಬಂತು. ಆ ಭಾಗ ನಿಮಗೆ ಬಾಯಿಗೆ ಬರ್ತಿರಬೇಕಲ್ಲ?"

ಬರುತ್ತಿತ್ತು. ಹುಡುಗಿಯಾಗಿದ್ದಾಗ ಬಾಯಿಪಾಠ ಮಾಡಿದ ಅರ್ಧದಲ್ಲೇ ಅದಿತ್ತು. ಎಷ್ಟೋ ಸಲ ಹೇಳಿಕೊಂಡಿದ್ದಳು, ಅದು ತನಗೇ ಬಂದ ಮಾತೆಂದು ಮಾತ್ರ ಗೊತ್ತಿರಲಿಲ್ಲ. ಸೂಜಿಯಕ್ಕ ಗುಡಿಸಿದ ನೆಲದ ಮೇಲೆ ಕುಸಿದು ಕೂತು ಅತ್ತಳು. ಹೋದ ಜೀವ ಬಂದಂತಾಗಿತ್ತು. ಅಳುವಿನ ನಡುವೆ ಬೀರುವಿನ ನೆನಪಾಗಿ ನಗುವೂ ಬಂತು. ಆಗ ಓದಿಸುವಮ್ಮನೂ ಕಟ್ಟಿಟ್ಟುಕೊಂಡಿದ್ದ ನಗುವನ್ನು ಬಿಟ್ಟಳು.

"ಇನ್ನೊಂದು ಮಾತು ಕೇಳೇ," ಎಂದಳು ಓದಿಸುವಮ್ಮ, ಕಣ್ಣೊರೆಸಿಕೊಂಡು. "ನಿಮ್ಮ ಅತ್ತೆಗೆ ನಮಾಜಿಗೆ ನೀರು ಕೊಡೋರು ಯಾರು?"

"ನಾನೇ. ಇನ್ಯಾರಿದ್ದಾರೆ?"

"ಐದು ಹೊತ್ತೂ?"

"ಐದು ಹೊತ್ತೂ. ಅವರದ್ದು ತೊಳೆಸಿ, ಕೂರಿಸಿ, ಆಮೇಲೆ ನಂದು."

"ನನ್ನನ್ನ ಆರಾಧಿಸಲಿ ಅಂತಲೇ ಮನುಷ್ಯರನ್ನ ಸೃಷ್ಟಿಸಿದೆ ಅಂತ ಅಲ್ಲಾಹ್ ಹೇಳಿದ್ದಾನೆ. ಆರಾಧನೆ ಅಂದ್ರೆ ಚಾಪೆ ಮೇಲಿದ್ದಷ್ಟು ಹೊತ್ತು ಮಾತ್ರ ಅಂತ ನಿನಗೆ ಯಾರೇ ಹೇಳಿದ್ರು? ನೀನು ಹುಟ್ಟಿದ್ದು ಯಾಕೆ ಅಂತ ಹುಡುಕ್ತಾ ಕೂತಿದ್ದೀಯ, ಅದೇ ಕೆಲಸಾನ ಚೊಂಬು ಹಿಡ್ಕೊಂಡು ದಿನಾ ಮಾಡ್ತಿದ್ದೀಯ. ಅಲ್ಲಾಹನಿಗಾಗಿ ಅಂತ ಮನಸ್ಸಲ್ಲಿ ಅಂದುಕೊಂಡು ಮಾಡು, ಅಷ್ಟೇ." ಆಮೇಲೆ ದನಿ ತಗ್ಗಿಸಿ, "ನನಗೆ ಓದಿಸೋದು ಸಿಕ್ಕಿತು ಅಂತ ನಿನಗೆ ಹೊಟ್ಟೆಕಿಚ್ಚು. ನಮ್ಮಮ್ಮ ತೀರಿಕೊಳ್ಳೋವಾಗ ನಾನು ಇಲ್ಲಿ ಪಾಠ ಹೇಳ್ತಿದ್ದೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಕಣೇ," ಎಂದಳು.

 ಸೂಜಿಯಕ್ಕ ಗೆಳತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಅತ್ತೆಯ ನೆನಪಾಯಿತು. ನಿನ್ನೆ ಸಂಜೆಯಿಂದ ತಾನು ಬೆಂದ ಬೆಂಕಿಯಲ್ಲೇ ಅವರೂ ಬೇಯುತ್ತಿದ್ದರು. ಅದಕ್ಕೆ ಎಣ್ಣೆ ಹೊಯ್ದವಳು ತಾನು. ಚಪ್ಪಲಿ ಮೆಟ್ಟಿಕೊಂಡವಳು ಅವು ಎಡಬಲ ಅದಲುಬದಲಾದದ್ದನ್ನೂ ನೋಡದೆ ಓಡಿದಳು.

"ಅತ್ತೆ! ನಮಾಜು ಹೋಗಿಲ್ಲ. ನಂದೂ ಹೋಗಿಲ್ಲ, ನಿಮ್ಮದೂ ಹೋಗಿಲ್ಲ!"

ಅತ್ತೆ ತಿರುಗಲಿಲ್ಲ. ಸೂಜಿಯಕ್ಕ ಮಂಚದ ಅಂಚಿಗೆ ಕೂತು ಇಮಾಮರು ಕೇಳಿದ್ದನ್ನೂ ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದಳು. ನಿಮ್ಮ ಅತ್ತೆ ಎಂಥವರು ಎಂದು ಕೇಳಿದ್ದು ಬಂದಾಗ ಅತ್ತೆಯ ಹೆಗಲು ಅಲುಗಿತು.

"ನೀನೇನಂದೆ?"

"ಬಾಯಿ ಜೋರು ಅಂದೆ."

"ಮತ್ತೆ?"

"ಅವರ ಮಾತನ್ನ ಯಾರು ಬೇಕಾದ್ರೂ ನಂಬಬಹುದು ಅಂದೆ. ನಿನ್ನೆ ನಾನು ಅಂದದ್ದು ತಪ್ಪು, ಅತ್ತೆ. ಹೊಟ್ಟೆಗೆ ಹಾಕ್ಕೊಳ್ಳಿ."

ಅತ್ತೆ ಮೆಲ್ಲಗೆ ಈ ಕಡೆ ತಿರುಗಿದರು. ಕಣ್ಣು ಊದಿತ್ತು. "ನಂದು ಹೋದ್ರೆ ಹೋಗ್ಲಿ ಅಂತ ಇದ್ದೆ ಕಣೇ," ಎಂದರು. "ನನ್ನಿಂದ ನಿಂದೂ ಹೋಯ್ತಲ್ಲ ಅಂತ ಜೀವ ಹೋಗ್ತಿತ್ತು." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಚಹಾ ಇದ್ರೆ ಕೊಡು. ನಿನ್ನೆಯಿಂದ ಹಸಿದು ಸಾಯ್ತಿದ್ದೀನಿ, ಒಬ್ಬರಾದ್ರೂ ಕೇಳಿದ್ರಾ ಈ ಮನೇಲಿ?" ಎಂದರು. ಇನ್ನು ಭಯವಿಲ್ಲ ಎಂದು ಸೂಜಿಯಕ್ಕನಿಗೆ ಗೊತ್ತಾಯಿತು.

ಮಂಚ ತಿರುಗಿಸಲು ಪಕ್ಕದ ಮನೆಯವಳನ್ನೂ ಕರೆಯಬೇಕಾಯಿತು. ನೂಕಿದರೆ ಬೀರು ಅಡ್ಡ, ಎಳೆದರೆ ಬಾಗಿಲು ಅಡ್ಡ. "ಮೊದಲಿಂದಲೂ ಎಲ್ಲದಕ್ಕೂ ಇದೇ ಅಡ್ಡ," ಎಂದು ಸೂಜಿಯಕ್ಕ ಬೀರುವಿಗೆ ಮೊಣಕೈಯಿಂದ ಒಂದು ಕೊಟ್ಟಳು. "ನನ್ನ ತವರಿನ ಬೀರಿಗೆ ಏನಾದ್ರೂ ಅಂದ್ರೆ ನೋಡು," ಎಂದು ಅತ್ತೆ ಕುರ್ಚಿಯಿಂದಲೇ ಗದರಿದರು. ಕಡೆಗೂ ಮಂಚ ಕಿಟಕಿಗೆ ಎದುರಾಯಿತು. ಅತ್ತೆಗೆ ಬೀದಿ ಕಂಡಿತು, ಆಚೆಮನೆಯ ಗೋಡೆಯ ಮೇಲೆ ಮಲಗಿದ್ದ ಬೆಕ್ಕು ಕಂಡಿತು. ಇಷ್ಟು ದಿನ ಈ ಕಡೆ ತಿರುಗಿಸಬಾರದಿತ್ತೇ ಎಂದು ಬೈದರು.

ಮಧ್ಯಾಹ್ನದ ನಮಾಜಿನ ಕರೆ ಕೇಳಿಸಿತು. ಸೂಜಿಯಕ್ಕ ಚೊಂಬು ಬೋಗುಣಿ ತಂದು ಅತ್ತೆಯ ಕೈಗೆ ನೀರು ಹೊಯ್ದಳು, ಮುಖ ತೊಳೆಸಿದಳು, ಪಾದದ ಬೆರಳುಗಳ ನಡುವೆ ನೀರಾಡಿಸಿದಳು. ದಿನವೂ ಮಾಡುತ್ತಿದ್ದದ್ದೇ. ಇವತ್ತು ಕೈ ಅವಸರ ಮಾಡಲಿಲ್ಲ. ಬೆನ್ನಿಗೆ ದಿಂಬು ಕೊಟ್ಟು ನೇರ ಕೂರಿಸಿದಾಗ, ಅತ್ತೆ ಎಳೆಹುಡುಗಿಯ ಹಾಗೆ ಅವಳ ಮುಖ ನೋಡಿದರು.

"ಯಾವ ಕಡೆ?" ಎಂದು ಕೇಳಿದರು.

ಮದುವೆಯ ದಿನ ಸಂಜೆ ತಾನು ಕೇಳಿದ್ದೂ ಇದೇ ಮಾತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೂಜಿಯಕ್ಕ ಅತ್ತೆಯ ಎರಡೂ ಹೆಗಲು ಹಿಡಿದು ಕಿಟಕಿಯ ಕಡೆಗೆ ತುಸುವೇ ತಿರುಗಿಸಿ, "ಈ ಕಡೆ, ಅತ್ತೆ," ಎಂದಳು.

ನಮಾಜು ಮುಗಿದ ಮೇಲೆ ಅತ್ತೆ ಎರಡೂ ಅಂಗೈ ಎತ್ತಿ ಬೇಡಿಕೊಳ್ಳಲು ಕೂತರು. ಮನಸ್ಸಿನಲ್ಲೇ ಬೇಡಿಕೊಳ್ಳುವುದು ಅವರಿಗೆ ಗೊತ್ತಿರಲಿಲ್ಲ, ಎಲ್ಲವೂ ಗಟ್ಟಿಯಾಗಿಯೇ. ಲಾರಿಯಲ್ಲಿರುವ ಮಗನಿಗಾಗಿ ಬೇಡಿದರು, ಮೊಮ್ಮಗಳಿಗಾಗಿ ಬೇಡಿದರು, ಚಾಪೆ ತಿರುಗಿಸಿದ ಆ ನರ್ಸಮ್ಮನಿಗೂ ಒಳ್ಳೆಯದಾಗಲಿ ಎಂದರು. ಆಮೇಲೆ ಸ್ವಲ್ಪ ನಿಂತು ಹೇಳಿದರು:

"ಯಾ ಅಲ್ಲಾಹ್, ಆಯಸ್ಸನ್ನ ಯಾತರಲ್ಲಿ ಕಳೆದೆ ಅಂತ ಇವಳನ್ನ ಕೇಳ್ಬೇಡ. ಇವಳಿಗೆ ಹೇಳೋಕೆ ಬರಲ್ಲ, ಗುಂಡಿ ಗಿಂಡಿ ಅಂತ ಏನೋ ಅಂದುಬಿಡ್ತಾಳೆ. ನನ್ನನ್ನ ಕೇಳು. ನಾನು ಹೇಳ್ತೀನಿ."

 ಚಾಪೆ ಮಡಚುತ್ತಿದ್ದ ಸೂಜಿಯಕ್ಕ ಏನಾದರೂ ಚುರುಕಾಗಿ ಹೇಳಬೇಕೆಂದು ಬಾಯಿ ತೆರೆದಳು. ಆ ದಿನ ಮಾತ್ರ ಸೂಜಿ ಮೊಂಡಾಗಿತ್ತು. ಕಣ್ಣೊರೆಸಿಕೊಂಡು, "ಸಾಕು ಅತ್ತೆ, ಆಮೀನ್ ಅನ್ನಿ. ಊಟ ಆರಿಹೋಗುತ್ತೆ," ಎಂದು ತಟ್ಟೆ ತರಲು ಎದ್ದಳು.